ಎರಡು ಗಾಲಿಯ ಹೊರೆ: ತೂಕ ತಿಳಿದು ಗಾಡಿ ಕೊಳ್ಳಿ

ಹಾಲು, ಹಿಂಡಿ, ಹುಲ್ಲು, ಅಡಿಕೆ, ಮೀನು, ಗ್ಯಾಸ್ ಸಿಲಿಂಡರ್, ಬೇಕರಿ ತಿಂಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಇವೆಲ್ಲ ಮನೆ ಮತ್ತು ಪೇಟೆಯ ನಡುವೆ ಓಡಾಡುವುದು ಬಹುತೇಕ ಎರಡು ಗಾಲಿಯ ಮೇಲೆಯೇ. ಹೆದ್ದಾರಿಗೆ ಲಾರಿ ಬರುತ್ತದೆ, ಪೇಟೆಗೆ ಪಿಕಪ್ ಬರುತ್ತದೆ. ಅಲ್ಲಿಂದಾಚೆಗೆ ಗುಡ್ಡ ಹತ್ತಿ, ಬೈಲಿಗಿಳಿದು, ತೋಟದ ನಡುವಿನ ಮನೆಯಂಗಳ ಮುಟ್ಟುವುದು ಮೊಪೆಡ್, ಸ್ಕೂಟರ್, ಬೈಕ್ ಅಥವಾ ಸೈಕಲ್. ನಮ್ಮಲ್ಲಿ ಮನೆಗಳು ಬೀದಿಗೆ ಅಂಟಿಕೊಂಡು ಸಾಲಾಗಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟವೇ ಇರುತ್ತದೆ. ಒಂದು ಚೀಲ ಹಿಂಡಿಗಾಗಿ ಪ್ರತಿ ಸಲ ಗೂಡ್ಸ್ ರಿಕ್ಷಾ ಕರೆಸುವುದು ಹೆಚ್ಚಿನವರಿಗೆ ಕಟ್ಟುವ ಲೆಕ್ಕವಲ್ಲ.

ಆದರೂ ಗಾಡಿ ಕೊಳ್ಳುವಾಗ ನಾವು ಕೇಳುವುದು ಮೈಲೇಜು, ಬೆಲೆ, ಕಂತು. ‘ಇದು ಎಷ್ಟು ತೂಕ ಹೊರುತ್ತದೆ, ನಾನು ಹೊರಿಸುವುದೆಷ್ಟು, ಅದನ್ನು ಯಾವ ಏರು ಹತ್ತಿಸಬೇಕು’ ಎಂಬ ಮೂರು ಪ್ರಶ್ನೆಗಳು ಅಲ್ಲಿ ಬರುವುದೇ ಇಲ್ಲ. ಹೊರೆಯ ಲೆಕ್ಕ ಮೊದಲು, ಗಾಡಿ ಆಮೇಲೆ ಎಂದಾದರೆ ದುಡ್ಡೂ ಉಳಿಯುತ್ತದೆ, ಸೊಂಟವೂ ಉಳಿಯುತ್ತದೆ, ಜೀವಕ್ಕೂ ಕ್ಷೇಮ. ಆ ಲೆಕ್ಕವನ್ನು ಹೇಗೆ ಹಾಕಬೇಕು ಎಂಬುದನ್ನು ಇಲ್ಲಿ ನೋಡೋಣ.

ನಿಮ್ಮ ಹೊರೆಯ ತೂಕ ಎಷ್ಟು?

ದಿನಬಳಕೆಯ ಕೆಲವು ತೂಕಗಳು ಬಾಯಿಪಾಠ ಇರಲಿ. ಯೂರಿಯಾ ಚೀಲ 45 ಕೆ.ಜಿ. ಪೊಟ್ಯಾಷ್, ಸಿಮೆಂಟ್, ಪಶು ಆಹಾರದ ಚೀಲಗಳು 50 ಕೆ.ಜಿ. ಮನೆಬಳಕೆಯ ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆ.ಜಿ. ಇದ್ದರೆ ಕಬ್ಬಿಣದ ತೂಕ ಹೆಚ್ಚುಕಡಿಮೆ ಇನ್ನೂ ಅಷ್ಟೇ. ಒಟ್ಟು 30 ಕೆ.ಜಿ. ಎಂದಿಟ್ಟುಕೊಳ್ಳಿ. 20 ಲೀಟರಿನ ಹಾಲಿನ ಕ್ಯಾನ್ ತುಂಬಿದಾಗ ಕ್ಯಾನಿನ ಭಾರವೂ ಸೇರಿ 25 ಕೆ.ಜಿ. ಸುಲಿದ ತೆಂಗಿನಕಾಯಿ ನೂರಕ್ಕೆ 50ರಿಂದ 60 ಕೆ.ಜಿ. ಚಾಲಿ ಅಡಿಕೆ ತುಂಬಿದ ಗೋಣಿ 65 ಕೆ.ಜಿ. ದಾಟುವುದುಂಟು. ಕಣ್ಣಂದಾಜಿಗೆ ಸಿಗದೆ ಮೋಸ ಮಾಡುವುದು ಹಸಿ ಹುಲ್ಲು. ಮಳೆಯಲ್ಲಿ ಕೊಯ್ದ ಹುಲ್ಲಿನ ಕಟ್ಟಿನಲ್ಲಿ ನೀರಿನ ಭಾರವೇ ಬೇಕಷ್ಟಿರುತ್ತದೆ. ಕೊಕ್ಕೆ ಇರುವ ಸಣ್ಣ ತೂಗುಯಂತ್ರ ಮನೆಯಲ್ಲಿದ್ದರೆ ಒಂದು ಸಲ ನೇತುಹಾಕಿ ನೋಡಿ, ಆ ಅಂದಾಜು ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

ಈಗ ಗಾಡಿಯ ಕಡೆಯ ಲೆಕ್ಕ. ಪ್ರತಿ ವಾಹನದ ಕೈಪಿಡಿಯಲ್ಲಿ ಗಾಡಿಯ ಸ್ವಂತ ತೂಕ ಮತ್ತು ಹೊರೆ ಸೇರಿದ ಗರಿಷ್ಠ ಒಟ್ಟು ತೂಕ ಎಂಬ ಎರಡು ಸಂಖ್ಯೆಗಳಿರುತ್ತವೆ. ದೊಡ್ಡದರಿಂದ ಸಣ್ಣದನ್ನು ಕಳೆದರೆ ಸಿಗುವುದೇ ಗಾಡಿಯ ಹೊರುವ ಶಕ್ತಿ. ಸಾಮಾನ್ಯ 100 ಸಿಸಿ ಬೈಕು, ಮೊಪೆಡ್‌ಗಳಲ್ಲಿ ಇದು 130 ಕೆ.ಜಿ. ಆಸುಪಾಸಿನಲ್ಲಿರುತ್ತದೆ. ಹೆಚ್ಚಿನವರು ಮರೆಯುವ ಸಂಗತಿ ಇಲ್ಲಿದೆ: ಓಡಿಸುವವನ ತೂಕವೂ ಈ 130ರ ಒಳಗೇ ಸೇರಬೇಕು. ಸವಾರ 65 ಕೆ.ಜಿ. ಇದ್ದರೆ ಹೊರೆಗೆ ಉಳಿಯುವುದು 65. ಅಂದರೆ ಒಂದು ಚೀಲ ಹಿಂಡಿ, ಜೊತೆಗೆ ಒಂದು ಕೈಚೀಲ ಸಾಮಾನು, ಅಷ್ಟೇ. ಹಿಂದೆ ಇನ್ನೊಬ್ಬರು ಕೂತರೆ ಚೀಲಕ್ಕೆ ಜಾಗವೇ ಇಲ್ಲ. ಎರಡು ಚೀಲ ಹೇರಿ ‘ನಮ್ಮ ಗಾಡಿಗೆ ಏನೂ ಆಗುವುದಿಲ್ಲ’ ಎನ್ನುವವರಿಗೆ ಅದರ ಉತ್ತರ ಅವತ್ತೇ ಸಿಗುವುದಿಲ್ಲ. ಬ್ರೇಕ್ ಲೈನರ್, ಕ್ಲಚ್, ಹಿಂದಿನ ಟೈರ್, ಸ್ಪೋಕ್‌ಗಳು ಒಂದೊಂದಾಗಿ ಬೇಗ ಸವೆದು, ಕೊನೆಗೆ ಇಳಿಜಾರಿನ ತಿರುವೊಂದರಲ್ಲಿ ಗಾಡಿ ನಿಲ್ಲದೆ ಹೋಗುತ್ತದೆ.

ಏರಿನ ಲೆಕ್ಕ

ಜಗತ್ತಿನಲ್ಲಿ ಸರಕು ಸೈಕಲ್ ಎಂದರೆ ಮೊದಲು ನೆನಪಾಗುವುದು ಡೆನ್ಮಾರ್ಕ್ ಮತ್ತು ನೆದರ್ಲ್ಯಾಂಡ್ಸ್. 1984ರಲ್ಲಿ ತಯಾರಾದ ಕ್ರಿಶ್ಚಿಯಾನಿಯಾ ಎಂಬ ಮೂರು ಗಾಲಿಯ ಪೆಟ್ಟಿಗೆ ಸೈಕಲಿನಲ್ಲಿ ಕೋಪನ್‌ಹೇಗನ್ನಿನ ತಂದೆ ತಾಯಂದಿರು ಮಕ್ಕಳನ್ನೂ ಮನೆಸಾಮಾನನ್ನೂ ಕೂರಿಸಿಕೊಂಡು ಹೋಗುತ್ತಾರೆ. ಅಲ್ಲಿನ ನೆಲ ಸಪಾಟು. ನಮ್ಮಲ್ಲಿ ಬಿ.ಸಿ.ರೋಡಿನಿಂದ ಮೆಲ್ಕಾರ್, ಕಲ್ಲಡ್ಕ ದಾಟಿ ವಿಟ್ಲದ ಒಳರಸ್ತೆ ಹಿಡಿದರೂ, ಗುರುವಾಯನಕೆರೆಯಿಂದ ವೇಣೂರಿನ ಕಡೆ ಹೊರಟರೂ, ಮೂಡುಬಿದಿರೆಯಿಂದ ಶಿರ್ತಾಡಿಯತ್ತ ತಿರುಗಿದರೂ ಏರು ಮತ್ತು ಇಳಿತಗಳು ತಪ್ಪುವುದಿಲ್ಲ. ಆದ್ದರಿಂದ ಆ ಸೈಕಲ್‌ಗಳ ಆಕಾರವನ್ನು ಹಾಗೆಯೇ ತರುವುದಕ್ಕಿಂತ ಅವುಗಳ ಒಂದು ತತ್ವವನ್ನು ತರುವುದು ಮೇಲು: ಹೊರೆ ನೆಲಕ್ಕೆ ಹತ್ತಿರ, ಎರಡು ಗಾಲಿಗಳ ನಡುವೆ ಇರಬೇಕು.

ಏರು ಎಷ್ಟು ಶಕ್ತಿ ಬೇಡುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಸವಾರ 60 ಕೆ.ಜಿ., ಸೈಕಲ್ 30, ಹೊರೆ 60. ಒಟ್ಟು 150 ಕೆ.ಜಿ. ನೂರು ಅಡಿಗೆ 8 ಅಡಿ ಮೇಲೇರುವ ರಸ್ತೆಯಲ್ಲಿ ಗಂಟೆಗೆ 6 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ ಸುಮಾರು 200 ವ್ಯಾಟ್ ಶಕ್ತಿ ಬೇಕು. ನೂರಕ್ಕೆ 12 ಅಡಿ ಏರಾದರೆ 300 ವ್ಯಾಟ್. ಗಟ್ಟಿ ಆಳು ಬಹಳ ಹೊತ್ತು ಬಿಡದೆ ತುಳಿದರೆ ಕೊಡಬಹುದಾದದ್ದು 75ರಿಂದ 100 ವ್ಯಾಟ್. ಹಾಗಾಗಿ ಬರಿಯ ಸೈಕಲಿನಲ್ಲಿ ಇಷ್ಟು ಭಾರ ಹೇರಿದರೆ ಇಳಿದು ತಳ್ಳಲೇಬೇಕು. 250 ವ್ಯಾಟ್ ಮೋಟರಿನ ಇ-ಸೈಕಲ್ ಆದರೆ ಮೊದಲ ಏರನ್ನು ಹತ್ತಿಸುತ್ತದೆ. ಎರಡನೆಯದರಲ್ಲಿ ಅದರ ಶಕ್ತಿ ಅಲ್ಲಿಗಲ್ಲಿಗೆ ಸಾಕಾಗಿ, ನಡಿಗೆಯ ವೇಗಕ್ಕೆ ಇಳಿಯುತ್ತದೆ.

ಯಾವ ಕೆಲಸಕ್ಕೆ ಯಾವ ಗಾಡಿ?

*ಸೈಕಲ್.* 20 ಕೆ.ಜಿ. ಒಳಗಿನ ಹೊರೆ, ಎರಡು ಕಿ.ಮೀ. ಒಳಗಿನ ದಾರಿ, ಹದವಾದ ಏರು ಇದ್ದರೆ ಇಂದಿಗೂ ಸೈಕಲಿನಷ್ಟು ಅಗ್ಗದ ವಾಹನ ಇನ್ನೊಂದಿಲ್ಲ. ಹಾಲಿನ ಸೊಸೈಟಿಗೆ ಹತ್ತು ಲೀಟರ್ ಹಾಲು, ರೇಷನ್ ಅಕ್ಕಿ, ಬೀಡಿ ಬ್ರಾಂಚಿಗೆ ಒಯ್ಯುವ ಬೀಡಿಯ ಕಟ್ಟು ಇದಕ್ಕೆ ಸರಿಯಾದ ಹೊರೆಗಳು. ರಾಜ್ಯ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಆ ಸೈಕಲ್‌ಗಳು ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಗಾಳಿ ಇಲ್ಲದೆ ನಿಂತಿವೆ. ಹೊಸ ಟೈರ್, ಟ್ಯೂಬ್, ಬ್ರೇಕ್ ರಬ್ಬರ್, ಒಂದು ಗಟ್ಟಿ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡ್ ಹಾಕಿಸಿದರೆ ಅವು ಮತ್ತೆ ದುಡಿಯುತ್ತವೆ. ಹೆಚ್ಚು ಹೊರೆ ಇದ್ದರೆ ಹಳೆಯ ಡಬಲ್ ಬಾರ್ ಸೈಕಲ್ ಹುಡುಕಿ. ಹಿಂದಿನ ಗಾಲಿಗೆ 40 ಕಡ್ಡಿ, ಮುಂದಿನದಕ್ಕೆ 32 ಕಡ್ಡಿ ಕೊಟ್ಟು ಕಟ್ಟಿದ್ದು ಹಿಂದಿನ ಕ್ಯಾರಿಯರ್ ಭಾರ ಹೊರಲೆಂದೇ. ಏರಿನಲ್ಲಿ ತಳ್ಳಿಕೊಂಡು ಹೋಗುವುದರಲ್ಲಿ ಸಣ್ಣತನವೇನೂ ಇಲ್ಲ. 1954ರ ದಿಯೆನ್ ಬಿಯೆನ್ ಫು ಯುದ್ಧದಲ್ಲಿ ವಿಯೆಟ್ನಾಮಿನ ಜನ ಸೈಕಲಿಗೆ ಬಿದಿರು ಬಿಗಿದು, ಒಂದೊಂದರ ಮೇಲೆ 200 ಕೆ.ಜಿ.ಯಷ್ಟು ಹೇರಿ, ಗುಡ್ಡಗಾಡಿನಲ್ಲಿ ತಳ್ಳಿಯೇ ಸಾಗಿಸಿದ್ದರು. ತಲೆಹೊರೆಗಿಂತ ತಳ್ಳುವ ಹೊರೆ ಯಾವಾಗಲೂ ಹಗುರ.

*ಇ-ಸೈಕಲ್.* ಮೋಟರ್ 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ದಾಟದಿದ್ದರೆ ನೋಂದಣಿ, ಲೈಸೆನ್ಸ್ ಬೇಡ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಲು ಅರ್ಧ ಯೂನಿಟ್ ವಿದ್ಯುತ್ ಸಾಕು. ಹೊರೆಯೂ ಏರೂ ಇರುವಲ್ಲಿ ಅದರಿಂದ 20 ಕಿ.ಮೀ. ನಿರೀಕ್ಷಿಸಿ, ಅಂಗಡಿಯವರು ಹೇಳುವ ದೂರ ಸಪಾಟು ರಸ್ತೆಯದ್ದು. ಪೇಟೆಯೊಳಗೆ ಔಷಧಿ, ದಿನಸಿ, ಊಟದ ಡಬ್ಬಿ ತಲುಪಿಸುವವರಿಗೆ, ಮೂಡುಬಿದಿರೆಯಂಥ ಕಾಲೇಜು ಪೇಟೆಯಲ್ಲಿ ಹಾಸ್ಟೆಲ್, ಬಾಡಿಗೆ ಕೋಣೆಗಳಿಗೆ ಸಾಮಾನು ಕೊಡುವವರಿಗೆ ಇದು ಹೊಂದುತ್ತದೆ. ‘ನೋಂದಣಿ ಬೇಡ’ ಎಂದು ಮಾರುವ ಸ್ಕೂಟರ್ ಆಕಾರದ ಇ-ಗಾಡಿಗಳಿಗೂ ಇದೇ ಮಿತಿ ಅನ್ವಯಿಸುತ್ತದೆ. ಮೋಟರ್ ಅದಕ್ಕಿಂತ ದೊಡ್ಡದಾಗಿದ್ದರೆ ನೋಂದಣಿ ಕಡ್ಡಾಯ, ಸಣ್ಣದೇ ಆಗಿದ್ದರೆ ನಿಮ್ಮ ಮನೆಯ ಏರು ಅದಕ್ಕೆ ಕಷ್ಟ. ಎರಡನ್ನೂ ಕೇಳಿಯೇ ಮುಂಗಡ ಕೊಡಿ.

*ಮೊಪೆಡ್.* 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50ರ ಸಂತತಿ ನಮ್ಮ ಹಳ್ಳಿಗಳ ನಿಜವಾದ ಸರಕು ಬೈಕ್. ಈಗಿನ ಎಕ್ಸ್‌ಎಲ್ 100 ತೂಗುವುದು 90 ಕೆ.ಜಿ.ಗಿಂತ ಕಡಿಮೆ. ಕಾಲಿಡುವಲ್ಲಿ ಅಗಲ ಜಾಗ ಇದೆ, ಹಿಂದಿನ ಸೀಟು ಬಿಚ್ಚಬಹುದು. ಹೊರೆ ಗಾಲಿಗಳ ನಡುವೆ, ತಗ್ಗಿನಲ್ಲಿ ಕೂರುವುದರಿಂದ ಇದು ಕೋಪನ್‌ಹೇಗನ್ನಿನ ತತ್ವವನ್ನೇ ಪಾಲಿಸುತ್ತದೆ. ಗೇರ್ ಇಲ್ಲದಿರುವುದು ಕಲಿಯಲು ಸುಲಭ, ಆದರೆ ಕಡಿದಾದ ಏರಿನಲ್ಲಿ ಅದೇ ತೊಡಕು. ಪೂರ್ತಿ ಹೊರೆಯೊಡನೆ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಟರೆ ಕ್ಲಚ್ ಕಾಯುತ್ತದೆ. ಏರು ಶುರುವಾಗುವ ಮೊದಲೇ ವೇಗ ಹಿಡಿಯಿರಿ.

*ಗೇರ್ ಬೈಕ್.* ದೂರ ಹೆಚ್ಚು, ಏರು ಕಡಿದು ಎಂದಾದರೆ ಇದೇ ಸರಿ. ಮೊದಲ ಗೇರಿನಲ್ಲಿ ಹತ್ತಬಹುದು, ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಮೀನು, ಬೇಕರಿ ಮಾಲಿನ ಲೈನ್ ಹೋಗುವವರು ಬೈಕ್ ನೆಚ್ಚಿಕೊಂಡಿರುವುದು ಇದಕ್ಕೇ. ಹೊರೆ ಎತ್ತರದಲ್ಲಿ, ಹಿಂದೆ ಕೂರುವುದು ಇದರ ದೋಷ. ಎರಡು ಬದಿಗೂ ಪೆಟ್ಟಿಗೆ ತೂಗುಹಾಕಿದರೆ ಅದು ತುಸು ಕಡಿಮೆಯಾಗುತ್ತದೆ.

*ಮೂರು ಗಾಲಿ.* ದಿನವೂ 100 ಕೆ.ಜಿ. ಮೀರಿದ ಹೊರೆ ಇದ್ದರೆ ಎರಡು ಗಾಲಿಯ ಆಸೆ ಬಿಡಿ. ಮೂರು ನಾಲ್ಕು ಮನೆಯವರು ಸೇರಿ ವಾರಕ್ಕೊಮ್ಮೆ ಗೂಡ್ಸ್ ರಿಕ್ಷಾ ತರಿಸಿಕೊಂಡು ಹಿಂಡಿ, ಗೊಬ್ಬರ ಹಂಚಿಕೊಂಡರೆ ಖರ್ಚೂ ಕಡಿಮೆ.

ಚೀಲ ಕಟ್ಟುವ ಕ್ರಮ

50 ಕೆ.ಜಿ. ಚೀಲವನ್ನು ಮೊಪೆಡಿನ ಹಿಂದೆ ಅಡ್ಡಲಾಗಿ ಒಗೆದು ಹೊರಡುವುದು ಎಲ್ಲೆಡೆ ಕಾಣುವ ದೃಶ್ಯ. ಹಾಗೆ ಮಾಡಿದಾಗ ಭಾರವೆಲ್ಲ ಹಿಂದಿನ ಗಾಲಿಯ ಮೇಲೆ ಬಿದ್ದು, ಏರಿನಲ್ಲಿ ಮುಂದಿನ ಗಾಲಿ ಹಗುರಾಗಿ, ಹ್ಯಾಂಡಲ್ ಹೇಳಿದ ಮಾತು ಕೇಳುವುದಿಲ್ಲ. ಚೀಲ ಬಿಚ್ಚಿ ಎರಡು ಮಾಡಲು ಸಾಧ್ಯವಿದ್ದರೆ ಮಾಡಿ: 25 ಕೆ.ಜಿ. ಕಾಲ ಬಳಿ, 25 ಕೆ.ಜಿ. ಹಿಂದೆ. ಆಗದಿದ್ದರೆ ಇಡೀ ಚೀಲವನ್ನು ಸವಾರನ ಬೆನ್ನಿಗೆ ಒತ್ತಿ, ಉದ್ದುದ್ದವಾಗಿ ಮಲಗಿಸಿ. ಬಾಲದ ಕಡೆ ಜೋತುಬೀಳಬಾರದು.

ಕಟ್ಟಲು ಹಳೆಯ ಟ್ಯೂಬ್ ಸೀಳಿದ ಪಟ್ಟಿಗಿಂತ ಒಳ್ಳೆಯದು ಇಲ್ಲ. ಹೊಂಡಕ್ಕೆ ಬಿದ್ದು ಚೀಲ ತಗ್ಗಿದರೂ ಅದು ಬಿಗಿ ಬಿಡುವುದಿಲ್ಲ. ಮೊದಲು ಉದ್ದಕ್ಕೊಂದು ಸುತ್ತು, ಆಮೇಲೆ ಅಡ್ಡಕ್ಕೆ ಎರಡು ಸುತ್ತು. ಗಂಟು ಕ್ಯಾರಿಯರಿನ ಸರಳಿಗೆ ಬೀಳಬೇಕು. ಇಂಡಿಕೇಟರಿಗೋ ಶಾಕ್‌ಅಬ್ಸಾರ್ಬರಿಗೋ ಅಲ್ಲ. ಉಳಿದ ತುದಿಯನ್ನು ಸುತ್ತಿನೊಳಗೆ ಸಿಕ್ಕಿಸಿ. ಅದು ಜೋತಾಡಿ ಚೈನಿಗೋ ಗಾಲಿಗೋ ಸಿಕ್ಕಿದರೆ ಅಪಘಾತ ಖಂಡಿತ. ಕೊನೆಗೆ ಚೀಲವನ್ನು ಹಿಡಿದು ಅಲ್ಲಾಡಿಸಿ ನೋಡಿ. ಚೀಲದೊಡನೆ ಗಾಡಿಯೂ ಅಲ್ಲಾಡಿದರೆ ಕಟ್ಟಿದ್ದು ಸರಿ. ಚೀಲ ಮಾತ್ರ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಿ.

ಹಾಲು ಒಯ್ಯುವವರು ಒಂದು ದೊಡ್ಡ ಕ್ಯಾನಿನ ಬದಲು ಎರಡು ಚಿಕ್ಕ ಕ್ಯಾನ್ ಎರಡು ಬದಿಗೆ ಹಾಕಲಿ, ಎರಡನ್ನೂ ಕುತ್ತಿಗೆಯವರೆಗೆ ತುಂಬಲಿ. ಅರ್ಧ ತುಂಬಿದ ಕ್ಯಾನಿನೊಳಗೆ ಹಾಲು ಕುಲುಕಾಡಿ ತಿರುವಿನಲ್ಲಿ ಗಾಡಿಯನ್ನು ಎಳೆಯುತ್ತದೆ. ಹುಲ್ಲು, ಮಡಲು, ಸೋಗೆ ಹೇರುವಾಗ ಕಟ್ಟಿನ ಅಗಲ ಹ್ಯಾಂಡಲಿಗಿಂತ ಹೆಚ್ಚಾಗದಿರಲಿ, ಹಿಂದಿನ ದೀಪ ಮುಚ್ಚದಿರಲಿ. ಮುಸ್ಸಂಜೆ ಹೊತ್ತಿಗೆ ಹೆದ್ದಾರಿಯಲ್ಲಿ ಸಾಗುವ ಹುಲ್ಲಿನ ಬೈಕ್ ಹಿಂದಿನಿಂದ ಬರುವ ಬಸ್ಸಿಗೆ ಕಾಣಿಸುವುದು ಆ ದೀಪದಿಂದಲೇ.

ಕಸುಬಿಗೆ ಬಳಸುವವರಿಗೆ

ಮೀನು ಮಾರುವವರಿಗೆ ಪೆಟ್ಟಿಗೆಯೇ ಬಂಡವಾಳ. ದಕ್ಕೆಯಿಂದ ತಂದ ಬಂಗುಡೆ, ಬೂತಾಯಿ ಮಧ್ಯಾಹ್ನದವರೆಗೆ ತಾಜಾ ಉಳಿಯಬೇಕಾದರೆ ಮೀನಿನಷ್ಟೇ ತೂಕದ ಮಂಜುಗಡ್ಡೆ ಬೇಕು. ಆದ್ದರಿಂದ 25 ಕೆ.ಜಿ. ಮೀನು ಎಂದರೆ 50 ಕೆ.ಜಿ. ಹೊರೆ, ಪೆಟ್ಟಿಗೆಯ ಭಾರ ಬೇರೆ. ಎರಡು ಪದರದ ನಡುವೆ ಥರ್ಮಕೋಲಿನಂಥ ವಸ್ತು ತುಂಬಿದ ಪೆಟ್ಟಿಗೆಯಾದರೆ ಮಂಜುಗಡ್ಡೆ ಕಡಿಮೆ ಸಾಕು. ತಳದ ತೂತಿಗೆ ಪೈಪ್ ಸಿಕ್ಕಿಸಿ ನೀರನ್ನು ಡಬ್ಬಿಗೆ ಇಳಿಸಿ. ರಸ್ತೆಗೆ ಬಿದ್ದ ಮೀನಿನ ನೀರು ಹಿಂದೆ ಬರುವ ಇನ್ನೊಬ್ಬ ಸವಾರನನ್ನು ಜಾರಿಸುತ್ತದೆ, ನಿಮ್ಮ ಕ್ಯಾರಿಯರನ್ನೂ ತುಕ್ಕು ಹಿಡಿಸುತ್ತದೆ. ವ್ಯಾಪಾರ ಮುಗಿದ ಮೇಲೆ ಸಿಹಿನೀರಿನಲ್ಲಿ ಗಾಡಿ ತೊಳೆಯುವುದು ನಿತ್ಯದ ಅಭ್ಯಾಸವಾಗಲಿ.

ಇವರಿಗೆ ಸರಕಾರದ ನೆರವೂ ಉಂಟು. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಐಸ್ ಪೆಟ್ಟಿಗೆ ಇರುವ ಸೈಕಲಿಗೆ 10,000 ರೂ., ಬೈಕಿಗೆ 75,000 ರೂ., ಇ-ರಿಕ್ಷಾ ಸೇರಿ ಮೂರು ಗಾಲಿಗೆ 3 ಲಕ್ಷ ರೂ. ಘಟಕ ವೆಚ್ಚ ಗೊತ್ತುಮಾಡಿದ್ದಾರೆ. ಅದರಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನ. ಅರ್ಜಿ ಹಾಕುವ ಮೊದಲು ಈ ವರ್ಷದ ಅನುದಾನದ ಬಗ್ಗೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಆಹಾರ ಪದಾರ್ಥ ಮಾರುವವರೆಲ್ಲ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ. ಸಣ್ಣ ವ್ಯಾಪಾರಿಗಳಿಗೆ ಅದರ ಶುಲ್ಕ ಅಲ್ಪ.

ಲಾಭದ ಲೆಕ್ಕ ಹಾಕುವಾಗ ಪೆಟ್ರೋಲ್ ಒಂದನ್ನೇ ನೋಡಬೇಡಿ. ದಿನಕ್ಕೆ 40 ಕಿ.ಮೀ. ಲೈನ್, ತಿಂಗಳಿಗೆ 25 ದಿನ ಎಂದರೆ 1,000 ಕಿ.ಮೀ. ಹೊರೆಯೊಡನೆ ಲೀಟರಿಗೆ 45 ಕಿ.ಮೀ. ಕೊಡುವ ಗಾಡಿಗೆ 22 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಹಿಡಿದರೂ 2,200 ರೂ. ಅದೇ ದೂರಕ್ಕೆ ಎಲೆಕ್ಟ್ರಿಕ್ ಸ್ಕೂಟರ್ 40 ಯೂನಿಟ್ ಆಸುಪಾಸು ವಿದ್ಯುತ್ ಕೇಳುತ್ತದೆ. ಉಳಿದ ಹಣವೆಲ್ಲ ಲಾಭವಲ್ಲ, ಒಂದು ದಿನ ಬ್ಯಾಟರಿ ಬದಲಿಸಬೇಕು. ಪೆಟ್ರೋಲ್ ಗಾಡಿಗಾದರೆ ಆಯಿಲ್, ಚೈನು, ಲೈನರ್ ಇವೆ. ಯಾವುದೇ ಇರಲಿ, ತಿಂಗಳಿಗಿಷ್ಟು ಎಂದು ರಿಪೇರಿಯ ಹಣ ತೆಗೆದಿಟ್ಟ ಮೇಲೆ ಉಳಿದದ್ದೇ ಗಳಿಕೆ.

ಕಾನೂನು ಏನೆನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರಚನೆ ಬದಲಾಯಿಸುವಂತಿಲ್ಲ. ಚಾಸಿಸ್ ಕತ್ತರಿಸಿ ಉದ್ದ ಮಾಡುವುದು, ಬೈಕಿನ ಹಿಂದೆ ಎರಡು ಗಾಲಿಯ ಗಾಡಿ ಬೆಸೆಯುವುದು ಅಪಾಯ ಮಾತ್ರವಲ್ಲ, ಅಪಘಾತವಾದರೆ ವಿಮೆಯ ಹಣಕ್ಕೂ ಕಲ್ಲು ಬೀಳಬಹುದು. ಪೆಟ್ಟಿಗೆ ಜೋಡಿಸುವುದಕ್ಕೆ ಅವಕಾಶವಿದೆ. 2020ರ ಜುಲೈಯಲ್ಲಿ ಕೇಂದ್ರ ತಂದ ನಿಯಮದಂತೆ ಅದರ ಉದ್ದ 550, ಅಗಲ 510, ಎತ್ತರ 500 ಮಿ.ಮೀ. ಮೀರಬಾರದು. ಹಿಂಬದಿ ಸವಾರರ ಜಾಗದಲ್ಲಿ ಪೆಟ್ಟಿಗೆ ಇಟ್ಟರೆ ಸವಾರನೊಬ್ಬನೇ ಕೂರಬೇಕು. ಇಬ್ಬರು ಕೂತರೆ ಹೆಲ್ಮೆಟ್ ಇಬ್ಬರಿಗೂ ಕಡ್ಡಾಯ. ಇತರರ ಮಾಲನ್ನು ಬಾಡಿಗೆಗೆ ಸಾಗಿಸುವ ಕೆಲಸವಾದರೆ ಯಾವ ನೋಂದಣಿ, ಯಾವ ವಿಮೆ ಬೇಕು ಎಂದು ಸಾರಿಗೆ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ಕೇಳಿ ತಿಳಿದುಕೊಳ್ಳಿ.

ವೆಲ್ಡಿಂಗ್ ಶಾಪಿನಲ್ಲಿ ಕ್ಯಾರಿಯರ್ ಮಾಡಿಸುವಾಗಲೂ ತೂಕದಿಂದಲೇ ಮಾತು ಶುರುವಾಗಲಿ. ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು 2019ರಲ್ಲಿ ದೇಶದ ಗಮನ ಸೆಳೆದ ಅಡಿಕೆ ಮರ ಏರುವ ಬೈಕ್ ತಯಾರಿಸಿದಾಗ, ಅದು 60ರಿಂದ 80 ಕೆ.ಜಿ. ತೂಕದವರಿಗೆ ಎಂದು ಮಿತಿ ಹಾಕಿಕೊಂಡೇ ಮುಂದುವರಿದರು. ಕ್ಯಾರಿಯರ್ ಮಾಡಿಸುವವರೂ ಅದೇ ಶಿಸ್ತು ಇಟ್ಟುಕೊಳ್ಳಬೇಕು. ‘ಗಟ್ಟಿ ಇರಲಿ’ ಎಂದರೆ ವೆಲ್ಡರ್ ದಪ್ಪ ಕಬ್ಬಿಣ ಹಾಕಿ ಹತ್ತು ಕೆ.ಜಿ. ಭಾರ ಹೆಚ್ಚಿಸುತ್ತಾನೆ, ಅಷ್ಟು ಹೊರೆ ನಿಮಗೆ ನಷ್ಟ. ‘30 ಕೆ.ಜಿ. ಹೊರಬೇಕು’ ಎಂದರೆ ತಕ್ಕಷ್ಟೇ ಹಾಕುತ್ತಾನೆ.

ಮಳೆಗಾಲದಲ್ಲಿ

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಸೀಮೆ ನಮ್ಮದು. ಒಳರಸ್ತೆಯ ಕಾಂಕ್ರೀಟ್ ಏರುಗಳು ಆಟಿಯ ಹೊತ್ತಿಗೆ ಪಾಚಿ ಕಟ್ಟಿ ಜಾರುತ್ತವೆ. ಗ್ರಾಮ ಪಂಚಾಯಿತಿಯವರು ಬರಲಿ ಎಂದು ಕಾಯದೆ ಆ ದಾರಿ ಬಳಸುವ ಮನೆಯವರೇ ಸೇರಿ ಗಾಲಿ ಓಡುವ ಎರಡು ಪಟ್ಟಿಯನ್ನಾದರೂ ಕಬ್ಬಿಣದ ಬ್ರಷ್ಷಿನಲ್ಲಿ ಉಜ್ಜಿದರೆ ಒಂದು ಮಳೆಗಾಲ ಕಳೆಯುತ್ತದೆ. ಡ್ರಮ್ ಬ್ರೇಕಿನೊಳಗೆ ನೀರು ಹೋದರೆ ಹಿಡಿತ ಕಡಿಮೆಯಾಗುತ್ತದೆ. ತೋಡು ದಾಟಿದ ಕೂಡಲೇ ಬ್ರೇಕನ್ನು ಮೆಲ್ಲಗೆ ಎರಡು ಮೂರು ಸಲ ಒತ್ತಿ ಒಣಗಿಸಿಕೊಳ್ಳಿ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಹಿಡಿದೇ ಇಳಿದರೆ ಅದು ಕಾದು ಸೋಲುತ್ತದೆ. ಇಳಿಯುವ ಮೊದಲೇ ವೇಗ ತಗ್ಗಿಸಿ, ಬಿಟ್ಟು ಬಿಟ್ಟು ಒತ್ತಿ. ಮಳೆಯಲ್ಲಿ ಹೊರೆಯನ್ನು ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ. ಹಿಂದಿನ ಟೈರಿಗೆ ಕಂಪನಿ ಹೊರೆಗೆಂದು ಹೇಳಿದಷ್ಟು ಗಾಳಿ ಇರಲಿ, ವಾರಕ್ಕೊಮ್ಮೆ ನೋಡಿಸಿ. ಟೈರಿನ ಗೆರೆ ಸವೆದಿದ್ದರೆ ಮೇ ತಿಂಗಳಲ್ಲೇ ಬದಲಿಸಿ.

ಕೊಳ್ಳುವ ಮೊದಲು

ಶೋರೂಮಿನವರು ಸಪಾಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಲು ಕೊಡುತ್ತಾರೆ. ಅದರಿಂದ ನಿಮಗೆ ಬೇಕಾದದ್ದು ತಿಳಿಯುವುದಿಲ್ಲ. ನಿಮ್ಮ ನಿತ್ಯದ ಹೊರೆಯನ್ನು ಕಟ್ಟಿ, ನಿಮ್ಮ ಮನೆಯ ಏರನ್ನು ಹತ್ತಿಸಿ, ಇಳಿಸಿ ನೋಡುತ್ತೇನೆ ಎಂದು ಕೇಳಿ. ಅದಕ್ಕೆ ಒಪ್ಪದಿದ್ದರೆ ಅದೇ ಗಾಡಿ ಇರುವ ನೆರೆಮನೆಯವರನ್ನು ಕೇಳಿ. ನಮ್ಮ ಊರುಗಳಲ್ಲಿ ಇಲ್ಲ ಎನ್ನುವವರು ಕಡಿಮೆ. ಹತ್ತುವಾಗ ಮುಂದಿನ ಗಾಲಿ ಹಗುರಾಯಿತೇ, ಇಳಿಯುವಾಗ ನೀವು ಬಯಸಿದಲ್ಲಿ ನಿಂತಿತೇ, ಸ್ಟ್ಯಾಂಡ್ ಹಾಕಿದಾಗ ಹೊರೆಯೊಡನೆ ನೆಟ್ಟಗೆ ಇತ್ತೇ ಎಂಬ ಮೂರನ್ನು ಗಮನಿಸಿ. ಮನೆಯಲ್ಲಿ ಆ ಗಾಡಿಯನ್ನು ಬಳಸುವ ಎಲ್ಲರೂ, ಮುಖ್ಯವಾಗಿ ಹೆಂಗಸರು, ಹೊರೆಯೊಡನೆ ಒಂದು ಸಲ ಓಡಿಸಿ ನೋಡಲಿ. ಹಾಲು, ಹುಲ್ಲು, ರೇಷನ್ನಿನ ಹೊರೆ ಎಷ್ಟೋ ಮನೆಗಳಲ್ಲಿ ಅವರದ್ದೇ ಪಾಲು. ಅವರ ಕೈಗೆ ಒಗ್ಗದ ಗಾಡಿ ಎಷ್ಟೇ ಮೈಲೇಜ್ ಕೊಟ್ಟರೂ ಆ ಮನೆಗೆ ತಕ್ಕದ್ದಲ್ಲ.